ಜಾಮೀನಿನ ದೀರ್ಘ

“ಏಳ್ರೋ ಬೋಳಿಮಕ್ಳಾ, ನಿಮ್ಮನ್ನ ಬಿಡ್ಸಕ್ಕೆ ಒಂದು ಕೂಸು ಬಂದೈತೆ,” ಎನ್ನುತ್ತ ಜೈಲಿನ ವಾರ್ಡರು ನನ್ನ ಪಕ್ಕ ಉಣ್ಣುತ್ತಿದ್ದ ಬೂತಪ್ಪನ ಅನ್ನದ ತಟ್ಟೆಯನ್ನು ಬೂಟಿನಿಂದ ಸರಿಸಿದ.

ಕೂಸು ಎಂದರೆ ಕೃತಿಕಾ, ಕಾನೂನು ಓದುತ್ತಿರುವ ಹುಡುಗಿ. ಕೆಲಸ ಕಲಿಯಲೆಂದು ಕಾಲೇಜಿನವರು ಉಚಿತ ಕಾನೂನು ನೆರವಿನ ವಕೀಲರ ಜೊತೆ ಕಳಿಸಿದ್ದರು. ವಕೀಲರು ಹೊರಗೆ ಫೋನಿನಲ್ಲಿದ್ದರು. ಅವಳು ಬಂದು ನಮ್ಮೆದುರು ನೆಲದ ಮೇಲೇ ಕೂತಳು. ಅಷ್ಟಕ್ಕೇ ನನಗೆ ಅವಳ ಮೇಲೆ ಅಕ್ಕರೆ ಬಂತು.

“ಹೆದರಬೇಡಿ. ನಿಮ್ಮಿಬ್ರಿಗೂ ಜಾಮೀನು ಕೊಡಿಸ್ತೀವಿ,” ಎಂದಳು.

ಬೂತಪ್ಪನ ಕಿವಿ ಮಂದ. ಒಮ್ಮೊಮ್ಮೆ ಮಾತ್ರ. ಅವನ ಕಣ್ಣು ತುಂಬಿ ಬಂತು. “ಎಷ್ಟ್ ಗುಂಟೆ ಅಮ್ಮಾ?” ಎಂದ.

ನಾನು ನಕ್ಕು ನಕ್ಕು ಗೋಡೆಗೆ ತಲೆ ಬಡಿದುಕೊಂಡೆ. ಅವಳಿಗೆ ಏನೂ ತಿಳಿಯಲಿಲ್ಲ. ಆಮೇಲೆ ಹೇಳಿದೆ. ಕಮ್ಮರಡಿ ಕಡೆಯ ಸರ್ಕಾರಿ ಜಾಗವನ್ನು ಕಾಂತೇಶ್ ಗೌಡರು ತಮ್ಮ ಕಾಫಿ ತೋಟಕ್ಕೆ ಸೇರಿಸಿ ಬೇಲಿ ಹಾಕಿಕೊಂಡಿದ್ದರು. ತೋಟದ ಕೂಲಿಯಾಳುಗಳ ಲೈನ್ ಮನೆಯಿಂದ ನಮ್ಮನ್ನು ಹೊರಗೆ ಹಾಕಿದಾಗ ನಾವು ಆ ಜಾಗದಲ್ಲೇ ಗುಡಿಸಲು ಎತ್ತಿದೆವು. ಕತ್ತಿ ಹಿಡಿದು ಕೊಲ್ಲಲು ಬಂದರು ಎಂದು ಗೌಡರ ತೋಟದ ಲೆಕ್ಕ ಬರೆಯುವ ರೈಟರು ದೂರು ಕೊಟ್ಟ. ಕತ್ತಿ ಹಿಡಿದದ್ದು ನಿಜ. ಬೇಲಿಯನ್ನು ಹಲ್ಲಿನಿಂದ ಕಡಿಯಲು ಬರುತ್ತದೆಯೇ?

“ಜಮೀನು ಕೇಳಿದ್ದಕ್ಕೇ ಅಲ್ವ ಇಲ್ಲಿಗೆ ಹಾಕಿದ್ದು,” ಎಂದ ಬೂತಪ್ಪ. “ಇಲ್ಲೇ ಕೊಡ್ತಾರೆ ಅಂದಿದ್ರೆ ನಾನೇ ಮೊದ್ಲೇ ಬರ್ತಿದ್ನಲ್ಲ ಮಾರಾಯ್ತಿ.”

ಕೃತಿಕಾ ಅಂಗೈ ಮೇಲೆ ಪೆನ್ನಿನಿಂದ ಎರಡು ಪದ ಬರೆದು ತೋರಿಸಿದಳು. “ಇದು ಜಮೀನು. ದೀರ್ಘ ಎಳೆದರೆ ಜಾಮೀನು. ಜಮೀನಿರೋರು ಯಾರಾದ್ರೂ ಪಹಣಿ ತಂದು ನಿಮ್ಮ ಪರವಾಗಿ ಸಹಿ ಹಾಕಿದ್ರೆ ಬಿಡ್ತಾರೆ.”

“ಅಂದ್ರೆ ಜಮೀನಿಲ್ದೋರಿಗೆ ಜಾಮೀನೂ ಇಲ್ಲ,” ಎಂದೆ.

ಅವಳ ಮುಖ ಕೆಂಪಾಯಿತು. ಮರುಗಳಿಗೆ, ನಗಬಾರದ ಜಾಗದಲ್ಲಿ ಬರುತ್ತದಲ್ಲ, ಅಂಥ ನಗು ಅವಳಿಗೂ ಬಂತು. ತಡೆಯಲು ಹೋದದ್ದು ಮೂಗಿನಿಂದ ಹೊರಟಿತು. ಮೂವರೂ ಹೊಟ್ಟೆ ಹಿಡಿದುಕೊಂಡೆವು. ವಾರ್ಡರು “ಇದೇನು ಮದ್ವೆ ಮನೇನಾ?” ಎಂದು ಗದರಿದ. ಜಮೀನಿನವರ ಸಹಿ ಬೇಡ, ಸ್ವಂತ ಮುಚ್ಚಳಿಕೆಯ ಮೇಲೆ ಬಿಡಿ ಎಂದು ಅರ್ಜಿ ಹಾಕಿಸುವುದಾಗಿ ಹೇಳಿ ಅವಳು ಎದ್ದಳು.

ವಾಯಿದೆಯ ದಿನ ಕೊಪ್ಪದ ಕೋರ್ಟಿಗೆ ಗೌಡರು ನಮಗಿಂತ ಮೊದಲೇ ಬಂದಿದ್ದರು. ಕೈಯಲ್ಲಿ ಪಹಣಿ.

“ನನ್ ಅನ್ನ ತಿಂದ ನಾಯಿಗಳು ನೀವು. ಆದ್ರೂ ಬಿಡ್ಸ್ಕಂಡ್ ಹೋಗ್ತೀನಿ. ಗುಡಿಸ್ಲು ಕಿತ್ಕಂಡು ಲೈನಿಗೆ ಬಂದು ಬಿದ್ಕಳಿ. ಇಲ್ಲ ಅಂದ್ರೆ ಒಳಗೇ ಕೊಳೀರಿ.”

ಬೂತಪ್ಪನ ಹೆಂಡತಿ ಜಲಜಮ್ಮ ಕಂಬಕ್ಕೆ ಒರಗಿ ನಿಂತಿದ್ದಳು. ನಾವು ಒಳಗಿದ್ದಾಗ ಗುಡಿಸಲು ಕಾಯುತ್ತಿದ್ದವಳು ಅವಳೊಬ್ಬಳೇ. ಗಂಡನ ಮುಖ ನೋಡಿ, ಬೇಡ ಎಂದು ತಲೆಯಾಡಿಸಿದಳು. ನಾನು ಗೌಡರ ಕೈಯ ಪಹಣಿಯನ್ನೇ ನೋಡುತ್ತಿದ್ದೆ. ಹೊರಗೆ ಬರುವ ಆಸೆ ಯಾರಿಗಿಲ್ಲ?

ನಮ್ಮ ಹೆಸರು ಕೂಗಿದರು. “ಇವರಿಗೆ ಜಾಮೀನು ಕೊಡೋರು ಯಾರಿದೀರಿ?” ಎಂದರು ನ್ಯಾಯಾಧೀಶರು.

ಗೌಡರು ಗಂಟಲು ಸರಿಮಾಡಿಕೊಂಡರು. “ನಾನೇ ಕೊಡ್ತೀನಿ ಸ್ವಾಮಿ. ನಮ್ಮ ಆಳುಗಳೇ.”

ಬೂತಪ್ಪ ಕೈ ಮುಗಿದು ಇಡೀ ಕೋರ್ಟಿಗೆ ಕೇಳುವಂತೆ ಹೇಳಿದ: “ಗೌಡ್ರು ಜಮೀನು ಕೊಡ್ತಾರಂತೆ ಸ್ವಾಮಿ. ಬರ್ಕಳಿ. ಎಷ್ಟ್ ಗುಂಟೆ ಅಂತ್ಲೂ ಕೇಳಿ ಬರ್ಕಳಿ.”

ಮೊದಲು ಮುದಿ ವಕೀಲರೊಬ್ಬರು ಕಿಸಕ್ಕೆಂದರು. ಆಮೇಲೆ ಟೈಪಿನವಳು, ನಮ್ಮನ್ನು ಕರೆತಂದ ಪೊಲೀಸರು. ಕೃತಿಕಾ ಅಂದು ಪದ ಬರೆದು ತೋರಿಸಿದ್ದ ಅಂಗೈಯನ್ನೇ ಬಾಯಿಗೆ ಒತ್ತಿ ಹಿಡಿದಳು.

“ಜಮೀನಲ್ಲಪ್ಪ, ಜಾಮೀನು,” ಎಂದರು ನ್ಯಾಯಾಧೀಶರು ತುಟಿ ಬಿಗಿಹಿಡಿದು.

“ನಾವು ಕೇಳಿದ್ದು ಜಮೀನೇ ಸ್ವಾಮಿ. ದೀರ್ಘ ಗೌಡ್ರಿಗೇ ಇರ್ಲಿ.”

ಗೌಡರು ಪಹಣಿ ಮಡಚಿ ಜೇಬಿಗೆ ಹಾಕಿಕೊಂಡು ಹೊರಟರು. ಕೃತಿಕಾಳ ಅರ್ಜಿಗೆ ಬೇರೆ ತಾರೀಖು ಬಿತ್ತು. ನಮ್ಮನ್ನು ಮತ್ತೆ ವ್ಯಾನಿಗೆ ಹತ್ತಿಸಿದರು. ನನಗೆ ನಗು ನಿಲ್ಲದು, ಕಣ್ಣೀರೂ ನಿಲ್ಲದು.

“ಏ ಬೂತಪ್ಪಣ್ಣ, ನಿಂಗೆ ನಿಜ್ವಾಗ್ಲೂ ಕೇಳ್ಸ್ಲಿಲ್ವನೋ?”

“ಎಂತ?” ಎಂದ.

ವ್ಯಾನಿನ ಜಾಲರಿಯ ಆಚೆ ಜಲಜಮ್ಮ ಬಂದು ನಿಂತಳು. ಪೊಲೀಸರಿಗೆ ಕೇಳಿಸಬಾರದೆಂದು ತುಟಿಯಲ್ಲೇ ಅಂದಳು: “ಗುಡಿಸ್ಲ ಪಕ್ಕ ಬಸಳೆ ನೆಟ್ಟೀನಿ.”

“ಚಪ್ಪರ ಎತ್ತರಕ್ಕೆ ಹಾಕು,” ಎಂದ ಬೂತಪ್ಪ.