ಕಂಬದ ಮೇಲಿನ ಸವತಿ

ವ್ಯಾನಿನ ಬಾಗಿಲನ್ನು ದಡಾರನೆ ತೆಗೆದು ಕನ್ನಡಕದಂಗಡಿಯವರು ರಸ್ತೆಗಿಳಿದರು. ವೃತ್ತದ ನಾಲ್ಕೂ ಕಡೆ ಕೆಂಪು ದೀಪ. ನಾಲ್ಕೂ ಕಡೆ ವಾಹನಗಳು ನಿಂತು ಹಾರ್ನ್ ಹೊಡೆಯುತ್ತಿದ್ದವು. ನಡುವೆ ರಸ್ತೆ ಮಾತ್ರ ಗುಡಿಸಿಟ್ಟಂತೆ ಖಾಲಿ. ಹಿಂದಿನ ರಾತ್ರಿ ನಿದ್ದೆಯಲ್ಲೇ ತೀರಿಹೋದ ಅವರ ಹೆಂಡತಿ ವ್ಯಾನಿನೊಳಗೆ ಬಿಳಿ ಬಟ್ಟೆ ಹೊದ್ದು ಮಲಗಿದ್ದರು.

“ಯಜಮಾನ್ರೇ, ಸ್ಮಶಾನದ ಗೇಟು ಐದಕ್ಕೆ ಹಾಕ್ತಾರೆ,” ಎಂದ ಚಾಲಕ. “ಆಮೇಲೆ ನಾಳೆ ಬೆಳಗ್ಗೇನೇ.”

“ನನಗೆ ಯಾಕಪ್ಪಾ ಹೇಳ್ತೀಯ, ಅದಕ್ಕೆ ಹೇಳು.” ಅವರು ಕಂಬದ ಮೇಲಿನ ಕ್ಯಾಮೆರಾದ ಕಡೆ ಕೈ ಮಾಡಿದರು. “ಮದುವೆ ಆದಾಗಿಂದ ಇದರ ಕಾಟ. ಇವತ್ತೊಂದು ದಿನ ಬಿಡಬಾರದಾ?”

ಭಾವಮೈದುನ ಕಿಟಕಿಯಿಂದ ತಲೆ ಹೊರಹಾಕಿದ. “ಕಂಟ್ರೋಲ್ ರೂಮಿಗೆ ಫೋನ್ ಮಾಡ್ದೆ ಭಾವ. ದೋಷ ಏನೂ ಕಾಣ್ತಿಲ್ಲ ಅಂತಾರೆ.”

“ಆವತ್ತೂ ಅದನ್ನೇ ಅಂದಿದ್ರು.”

* * *

ಊರಿನ ಸಿಗ್ನಲ್‌ಗಳನ್ನೆಲ್ಲ ಒಂದೇ ಕಂಪ್ಯೂಟರಿಗೆ ಒಪ್ಪಿಸಿದ ವರ್ಷ, ಈಗ ವ್ಯಾನಿನಲ್ಲಿ ಮಲಗಿರುವ ಆಕೆ ನಿಯಂತ್ರಣ ಕೊಠಡಿಗೆ ಹೊಸಬರು. ಕ್ಯಾಮೆರಾದಲ್ಲಿ ಕಾಣುವುದು ವಾಹನವೋ ಮರದ ನೆರಳೋ ಎಂಬುದನ್ನು ಯಂತ್ರಕ್ಕೆ ಕಲಿಸಬೇಕಿತ್ತು. ಅದಕ್ಕೆಂದು ಇಲಾಖೆ ವಾಹನ ಕೊಡಲಿಲ್ಲ. ಆಕೆ ಹಳದಿ ಹೆಲ್ಮೆಟ್ ಹಾಕಿಕೊಂಡು ತಮ್ಮದೇ ಸ್ಕೂಟರಿನಲ್ಲಿ ವೃತ್ತದಿಂದ ವೃತ್ತಕ್ಕೆ ಓಡಾಡಿ, ಪ್ರತಿ ಕ್ಯಾಮೆರಾಗೂ ಕೈ ಬೀಸಿದರು. ಒಂದು ಬೇಸಿಗೆ ಪೂರ್ತಿ ಇದೇ ಕೆಲಸ. ಯಂತ್ರ ಮೊಟ್ಟಮೊದಲು ಗುರುತು ಹಿಡಿದದ್ದು ಆಕೆಯನ್ನು. ಆಮೇಲೆ ಆಕೆಗೆ ಕೆಂಪು ದೀಪ ಬೀಳಲೇ ಇಲ್ಲ.

ಎಂಜಿನಿಯರುಗಳು ಎರಡು ಸಲ ಬಿಚ್ಚಿ ನೋಡಿದರು. “ದೋಷ ಏನಿಲ್ಲ. ಪ್ರೀತಿಸ್ತಾ ಇದೆ, ಅಷ್ಟೆ,” ಎಂದು ಹಿರಿಯರೊಬ್ಬರು ಮುಚ್ಚಳ ಹಾಕಿ ಸ್ಕ್ರೂ ತಿರುಗಿಸಿದರು.

ಮದುವೆಯ ದಿನ ವರನ ಕಾರಿಗೆ ದಾರಿಯುದ್ದಕ್ಕೂ ಕೆಂಪು ಬಿತ್ತು. ಆತ ಕಾರು ಬಿಟ್ಟು, ಬೆವರು ಒರೆಸಿಕೊಳ್ಳುತ್ತ ನಡೆದೇ ಬಂದ. ಮದುವೆಯಾದ ಮೇಲೆ ಸ್ಕೂಟರಿನ ಹಿಂದೆ ಕೂತರೂ ಕೆಂಪೇ. ಕೊನೆಗೆ ಅವರು ಪ್ರತಿ ವೃತ್ತದಲ್ಲೂ ಇಳಿದು, ರಸ್ತೆ ದಾಟಿ, ಆಚೆ ಕಾಯುತ್ತಿದ್ದ ಹೆಂಡತಿಯ ಹಿಂದೆ ಮತ್ತೆ ಹತ್ತುವುದನ್ನು ರೂಢಿ ಮಾಡಿಕೊಂಡರು.

“ಗಂಡಸಿಗೂ ಸವತಿ ಕಾಟ ಇರುತ್ತೆ ಅಂತ ನನಗ್ಯಾರೂ ಹೇಳ್ಲಿಲ್ಲ,” ಎನ್ನುತ್ತಿದ್ದರು.

“ಪಾಪ ಕಣ್ರೀ. ಅದರ ಹತ್ರ ಇರೋದೇ ಮೂರು ಬಣ್ಣ. ಅದರಲ್ಲೇ ನನಗೊಂದು ಕೊಡುತ್ತೆ.”

“ನನಗೂ ಒಂದು ಕೊಡುತ್ತೆ.”

* * *

ಮಗಳು ವ್ಯಾನಿನಿಂದ ಇಳಿದು ಖಾಲಿ ರಸ್ತೆಯನ್ನು ನೋಡಿದಳು. “ಅಪ್ಪ, ಇದು ಅಮ್ಮ ದಿನಾ ಸ್ಕೂಟರಲ್ಲಿ ಈಜೋಕೆ ಹೋಗೋ ಹೊತ್ತು. ಇನ್ನೂ ಬಂದಿಲ್ಲ ಅಂತ ದಾರಿ ಬಿಡಿಸಿಟ್ಕೊಂಡು ಕಾಯ್ತಿದೆ.”

“ಕಾಯಲಿ. ನಾನು ಕಾದಿಲ್ವಾ?”

“ಈಗ ಅಮ್ಮನೂ ಕಾಯ್ತಿದ್ದಾಳೆ.”

“ಅವಳ ಸ್ಕೂಟರೂ ಹೆಲ್ಮೆಟ್ಟೂ ತಗೊಂಬಾ,” ಎಂದು ಅವರು ಭಾವಮೈದುನನ ಕಡೆ ತಿರುಗಿದರು. ಮನೆ ಎರಡು ಬೀದಿ ಹಿಂದೆ. ಭಾವಮೈದುನ ಓಡಿಹೋಗಿ ಅಕ್ಕನ ಸ್ಕೂಟರನ್ನು ಗಲ್ಲಿಗಳಲ್ಲಿ ತಳ್ಳಿಕೊಂಡು ಬಂದ.

“ನೀನೇ ಓಡಿಸು ಮಾರಾಯ. ನನ್ನ ಕಂಡ್ರೆ ಅದಕ್ಕಾಗಲ್ಲ.”

“ಹೆಲ್ಮೆಟ್ ನನ್ನ ತಲೆಗೆ ಹತ್ತಲ್ಲ ಭಾವ. ನೋಡಿದೆ.”

ಹೆಲ್ಮೆಟ್ ಅವರ ತಲೆಗೂ ಬಿಗಿ. ಕಿವಿಗಳು ಮಡಚಿಕೊಂಡವು. ಕನ್ನಡಕ ತೆಗೆದು ಜೇಬಿಗೆ ಹಾಕಬೇಕಾಯಿತು. ಗೆರೆಯ ಹತ್ತಿರ ಸ್ಕೂಟರ್ ನಿಲ್ಲಿಸಿ, ಕಂಬದ ಕಡೆ ಸಿಡುಕಿನಿಂದ ಕೈ ಬೀಸಿದರು. ಹಸಿರು ಬಿತ್ತು.

ವ್ಯಾನು ಹಿಂದೆ ಬಂತು. ಕನ್ನಡಕವಿಲ್ಲದ ಕಣ್ಣಿಗೆ ಅಂಗಡಿಯಾಗಲಿ ಜನರಾಗಲಿ ಕಾಣಲಿಲ್ಲ. ಮುಂದೆ ಒಂದು ಹಸಿರು ಮಬ್ಬು, ಅದನ್ನು ದಾಟಿದರೆ ಇನ್ನೊಂದು. ಎಲ್ಲೂ ಕಾಲು ಊರಬೇಕಾಗಲಿಲ್ಲ. ಮನುಷ್ಯ ಹೀಗೂ ಊರು ದಾಟಬಹುದೆಂದು ಅವರಿಗೆ ಗೊತ್ತಿರಲಿಲ್ಲ.

ಗೇಟು ಹಾಕುವ ಮೊದಲೇ ತಲುಪಿದರು. ಕತ್ತಲಾಗುವುದರೊಳಗೆ ಎಲ್ಲ ಮುಗಿಯಿತು.

ಹೊರಡುವಾಗ ಭಾವಮೈದುನ ದನಿ ತಗ್ಗಿಸಿದ. “ಇನ್ಮೇಲೆ ದಿನಾ ಸಂಜೆ ನೀವೇ ಒಂದು ಸುತ್ತು ಹೊಡೀರಿ ಭಾವ. ಇಲ್ದಿದ್ರೆ ಊರಿಗೆಲ್ಲ ಇದೇ ಗೋಳು. ಅದಕ್ಕೇನು ಗೊತ್ತಾಗುತ್ತೆ?”

“ಅವಳು ಅದಕ್ಕೆ ಯಾವತ್ತೂ ಸುಳ್ಳು ಹೇಳ್ಲಿಲ್ಲ,” ಎಂದು ಅವರು ಸ್ಕೂಟರ್ ಹತ್ತಿದರು.

ವೃತ್ತ ತಲುಪಿದಾಗ ಹಸಿರೇ ಇತ್ತು. ಅವರು ಗೆರೆಯ ಮೇಲೆ ಬ್ರೇಕ್ ಹಾಕಿದರು. ಹಿಂದಿನ ವಾಹನಗಳು ಬೊಬ್ಬೆ ಹೊಡೆದವು. “ಹಸಿರು ಕಾಣಲ್ವೇನ್ರೀ?” ಎಂದು ಯಾರೋ ಕೂಗಿದರು. ಅವರು ಹೆಲ್ಮೆಟ್ ಕಳಚಿ, ಕನ್ನಡಕ ಹಾಕಿಕೊಂಡು, ಮುಖ ಮೇಲೆತ್ತಿದರು.

“ಅವಳಿನ್ನು ಬರಲ್ಲ ಕಣಯ್ಯ,” ಎಂದರು.

ಕ್ಯಾಮೆರಾ ನಿಧಾನವಾಗಿ ಕೆಳಗೆ ಬಾಗಿತು. ಅವರ ಮುಖ, ಸ್ಕೂಟರ್, ಹಿಂದಿನ ಖಾಲಿ ಸೀಟು. ಬಹಳ ಹೊತ್ತು ಹಸಿರು ಹಾಗೇ ಉರಿಯಿತು. ಆಮೇಲೆ ಹಳದಿಯಾಯಿತು. ಆಮೇಲೆ ಕೆಂಪು.

ಉಳಿದ ಮೂರು ದಿಕ್ಕಿನ ವಾಹನಗಳು ಒಂದೊಂದಾಗಿ ಹೊರಟವು. ಕನ್ನಡಕದಂಗಡಿಯವರು ಹೆಲ್ಮೆಟನ್ನು ತೊಡೆಯ ಮೇಲಿಟ್ಟುಕೊಂಡು, ಒಂದು ಕಾಲು ನೆಲಕ್ಕೆ ಊರಿ, ಕೆಂಪು ದೀಪದ ಕೆಳಗೆ ನಿಂತರು.