ಕೈ ಎತ್ತಬಾರದ ಕಛೇರಿ

ಕಛೇರಿ ಅಂದರೆ ಸಭಾಂಗಣ, ಫ್ಯಾನು, ಮುಂದಿನ ಸಾಲಿನಲ್ಲಿ ನಿದ್ದೆ ಹೊಡೆಯುವ ನಾಲ್ಕು ಜನ ಹಿರಿಯರು. ನಲವತ್ತು ವರ್ಷ ಮೃದಂಗ ಬಾರಿಸಿದ ನನಗೆ ಅಷ್ಟು ಗೊತ್ತು. ಆದರೆ ಅಣ್ಣನ ಮಗಳು ಸಿಂಚನ ನನ್ನ ಮಾತು ಕೇಳಬೇಕಲ್ಲ! ಸಭೆಯವರು ಅವಳಿಗೆ ಹಾಡಲು ಇಪ್ಪತ್ತೇ ನಿಮಿಷ ಕೊಟ್ಟು, ರಾಗ, ತಾನ ಮುಗಿದು ಪಲ್ಲವಿ ಶುರುವಾಗುವ ಹೊತ್ತಿಗೆ ಗಂಟೆ ಬಾರಿಸುತ್ತಿದ್ದರು. ಹತ್ತು ವರ್ಷದಲ್ಲಿ ಒಂದು ಪಲ್ಲವಿಯನ್ನೂ ಅವಳು ಜನರೆದುರು ಕೊನೆ ಮುಟ್ಟಿಸಿರಲಿಲ್ಲ.

"ಸಭೆಯ ಸಹವಾಸ ಸಾಕು ಚಿಕ್ಕಪ್ಪ. ಕಿರಂಗೂರಿನ ಆಲೆಮನೇಲಿ ಹಾಡ್ತೀನಿ," ಎಂದಳು.

"ಬೆಲ್ಲ ಕಾಯಿಸೋ ಜಾಗದಲ್ಲಾ? ಹೊಗೆಗೆ ನಿನ್ನ ಗಂಟಲು, ಶಾಖಕ್ಕೆ ನನ್ನ ಮೃದಂಗ, ಎರಡೂ ಹಾಳಾಗುತ್ತೆ ಕಣೇ!" ಬೈದೆ. ಬೈದುಕೊಂಡೇ ಗಂಜಾಂನಲ್ಲಿ ಆಟೋ ಹತ್ತಿದೆ.

ಆಲೆಮನೆಯಲ್ಲಿ ಪಾಕ ನೋಡುವವನು ಚಿಕ್ಕಸ್ವಾಮಿ. ಅವನದು ಒಂದೇ ಷರತ್ತು. "ಪಾಕ ಬರೋಗಂಟ ಆಡವ್ವ. ನಾ ಕೈ ಎತ್ತುದ್ರೆ ಆಳುಗಳು ಕೊಪ್ಪರಿಗೆ ಇಳಿಸ್ತಾರೆ. ಆಮ್ಯಾಕೆ ಎಲ್ರಿಗೂ ಬೆಲ್ಲದ ಕೆಲ್ಸ, ಕೇಳೋರು ಇರಕಿಲ್ಲ." ಗಾಣದ ಸದ್ದಿನಲ್ಲಿ ಮಾತು ಕೇಳಿಸದೆಂದು ಹುಟ್ಟಿದ ಪದ್ಧತಿಯದು. ಅವತ್ತು ನಮಗಾಗಿ ಗಾಣ ನಿಲ್ಲಿಸಿದ್ದರು, ಪದ್ಧತಿ ನಿಲ್ಲಿಸಿರಲಿಲ್ಲ.

ಸಿಂಚನ ಕಾಂಭೋಜಿ ರಾಗ ಎತ್ತಿಕೊಂಡಳು. ಕಬ್ಬಿನ ಸಿಪ್ಪೆಯ ಮೇಲೆ ಕೂತ ಮೂವತ್ತು ಜನ ಕಮಕ್ ಕಿಮಕ್ ಎನ್ನದೆ ಕೇಳಿದರು. ಪಲ್ಲವಿಗೆ ಬಂದು ಒಂದು ಸಂಗತಿ ಹಾಕಿದ್ದೇ ತಡ, ಚಿಕ್ಕಸ್ವಾಮಿ ಮೈಮರೆತು "ಆಹಾ!" ಎಂದು ಕೈ ಎತ್ತಿಬಿಟ್ಟ. ಆಳುಗಳಿಗೆ ಅಷ್ಟು ಸಾಕಾಯಿತು. ಕೊಪ್ಪರಿಗೆ ಬಗ್ಗಿಸಿ, ಇನ್ನೂ ನೀರಾಗಿದ್ದ ಪಾಕವನ್ನೆಲ್ಲ ಮರದ ತೊಟ್ಟಿಗೆ ಸುರಿದರು.

"ಲೇ ಬೋರಯ್ಯ, ಏನ್ಲಾ ಮಾಡ್ಬುಟ್ಟೆ!"

"ನೀನೇ ಕೈ ಎತ್ತುದ್ಯಲ್ಲಣ್ಣ!"

"ಪಾಕಕ್ಕಲ್ಲ ಕಣ್ಲಾ, ಆಡಿಗೆ!"

ಸಿಂಚನ ನಿಲ್ಲಿಸಿದಳು. ಮತ್ತೆ ಅದೇ ಜಾಗ, ಪಲ್ಲವಿಯ ನಟ್ಟನಡುವೆ. ಅವಳ ಮುಖ ನೋಡಿ ನನಗೆ ಸಂಕಟವಾಯಿತು. ಸಂಕಟವಾದರೆ ನನಗೆ ಸಿಟ್ಟು ಬರುತ್ತದೆ. "ಏನಯ್ಯ ಚಿಕ್ಕಸ್ವಾಮಿ, ಪಾಕ ಬರೋತನಕ ಅಂತ ತಾನೇ ಮಾತು? ಬಂತೇನಯ್ಯ?" ಎಂದು ಗದರಿದೆ.

ಅವನು ತೊಟ್ಟಿ ನೋಡಿದ, ಸಿಂಚನಳನ್ನು ನೋಡಿದ. "ಬಂದಿಲ್ಲ ಬುಡಿ ಸಾಮಿ. ಲೇ, ವಾಪಸ್ ಉಯ್ರಲಾ! ಒಲೆ ಉರ್ಸಿ! ನೀ ಆಡವ್ವ." ಹಾಗೆಂದವನೇ ಎರಡೂ ಕೈಗಳನ್ನು ತೊಡೆಯಡಿ ತುರುಕಿಕೊಂಡು ಕೂತ.

ಅವಳು ಬಿಟ್ಟಲ್ಲಿಂದಲೇ ಹಿಡಿದಳು. ಮೂರು ಕಾಲದಲ್ಲಿ ಹಾಡಿದಳು, ಸ್ವರ ಹಾಕಿದಳು, ನನ್ನ ಮೃದಂಗದ ತನಿಯೂ ಆಯಿತು. ಕೊಪ್ಪರಿಗೆ ಕೊತಕೊತ ಎನ್ನುತ್ತಿತ್ತು. ಪಾಕ ಕೆಂಪಾಯಿತು, ಕಂದಾಯಿತು, ಕಪ್ಪಾಯಿತು, ಘಾಟು ಮೂಗಿಗೆ ಬಡಿಯಿತು. ಆಳುಗಳೆಲ್ಲ ಚಿಕ್ಕಸ್ವಾಮಿಯನ್ನೇ ನೋಡುತ್ತಿದ್ದರು. ಅವನ ಕೈ ತೊಡೆಯಡಿಯಿಂದ ಅಲ್ಲಾಡಲಿಲ್ಲ.

ಪಲ್ಲವಿ ಮುಗಿಯಿತು. ಆಮೇಲೆ ಅವನು ಕೈ ಎತ್ತಿದ.

"ಪಾಕ ಯಾವಾಗಲೋ ಬಂದಿತ್ತಲ್ಲಯ್ಯ?" ಎಂದೆ.

"ಬಂದು ಓಗ್ಬುಡ್ತು ಸಾಮಿ. ಬೆಲ್ಲ ನಾಳೀಕೂ ಕಾಯಿಸ್ಬೋದು."

ಸನ್ಮಾನಕ್ಕೆ ಶಾಲಿನ ಬದಲು ಒಬ್ಬೊಬ್ಬರಿಗೆ ಒಂದು ಕರಿ ಬೆಲ್ಲದಚ್ಚು ಕೊಟ್ಟ. ನನ್ನ ಕಟ್ಟಿಸಿದ ಹಲ್ಲಿಗೆ ಅದು ಜಗ್ಗಲಿಲ್ಲ. ಸಿಂಚನ ಮಾತ್ರ ಗಂಜಾಂವರೆಗೂ ಆಟೋದಲ್ಲಿ ಅದನ್ನು ಕಟಕಟ ಕಡಿಯುತ್ತ, ಅಳುತ್ತ ಬಂದಳು.

"ಯಾಕೇ ಅಳ್ತೀಯ?" ಎಂದು ಗದರಿದೆ.

"ಮುಗೀತಲ್ಲ ಚಿಕ್ಕಪ್ಪ," ಎಂದಳು.