ಕೌದಿಯೊಳಗಿನ ಟಿಕೆಟ್

ಕಾಸರಗೋಡಿಗೆ ಮೆಣಸಿನಕಾಯಿ ಲಾರಿ ಹೊಡೆದುಕೊಂಡು ಹೋಗಿದ್ದ ಮುಜಫರ್ ಅಲ್ಲಿ ಕೊಂಡ ಲಾಟರಿ ಟಿಕೆಟ್ಟಿಗೆ ಹನ್ನೆರಡು ಕೋಟಿ ಹತ್ತಿತ್ತು. ಸುದ್ದಿ ತಿಳಿದಾಗಿನಿಂದ ಅವನ ಹೆಂಡತಿ ರುಬಿಯಾಗೆ ಒಂದೇ ಅಂಜಿಕೆ. ಯಾರಾದರೂ ಬಾಗಿಲು ಬಡಿದರೆ ಟಿಕೆಟ್ಟನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದಳು. ತಮ್ಮೂರು ಕುಬಿಹಾಳದ ಮಂದಿಗೆ ಗೊತ್ತಾದರೆ? ಹಣ ತರಲು ಲಾಟರಿ ಕಚೇರಿಗೆ ಹೋಗುವಾಗ ಜೊತೆಗೆಂದು ಕರೆದೊಯ್ಯುವ ಮೈದುನನೇ ರೈಲಿನಲ್ಲಿ ಕಿಸೆಗೆ ಕೈ ಹಾಕಿದರೆ? ಕೊನೆಗೆ ಗಂಡ ಹೆಂಡತಿ ಇಬ್ಬರೇ ಹೋಗುವುದು, ಟಿಕೆಟ್ಟನ್ನು ಕೌದಿಯೊಳಗಿಟ್ಟು ಹೊಲಿದು ಒಯ್ಯುವುದು ಎಂದು ಗಟ್ಟಿಮಾಡಿದರು. ಹಳೇ ಸೀರೆಗಳ ಕೌದಿಯನ್ನು ಯಾವ ಕಳ್ಳ ಮುಟ್ಟುತ್ತಾನೆ? ಊರಿಗೆಲ್ಲ ಕೌದಿ ಹೊಲಿದುಕೊಡುವ ರುಬಿಯಾ ಬಾಗಿಲು ಹಾಕಿಕೊಂಡು ಮೂರೇ ದಿನದಲ್ಲಿ ಮುಗಿಸಿದಳು.

ಹೊರಡುವ ಮುಂಜಾನೆ ಮುಜಫರ್ ಮೊಬೈಲಿನಲ್ಲಿದ್ದ ಟಿಕೆಟ್ಟಿನ ಹಿಂಬದಿಯ ಫೋಟೋ ಹಿಗ್ಗಿಸಿ, ಅದರ ಸಣ್ಣ ಅಕ್ಷರಗಳನ್ನು ಓದಿದ. ಕೂಡಲೇ ಹೆಂಡತಿಯ ಕಡೆ ತಿರುಗಿದ.

"ಹರದದ್ದು, ತೂತು ಬಿದ್ದದ್ದು ನಡ್ಯಂಗಿಲ್ಲಂತ ಬರದಾರ. ನೀ ಬರೇ ಸುತ್ತ ಹೊಲದಿ ಹೌದಲ್ಲೋ? ಟಿಕೆಟಿನ ಮ್ಯಾಲ ಸೂಜಿ ಹಾಕಿಲ್ಲಲ್ಲ?"

ರುಬಿಯಾ ಕೌದಿಯ ಕಡೆ ನೋಡಿದಳು. ಅಂಚಿನಿಂದ ಅಂಚಿಗೆ, ಬೆರಳಗಲಕ್ಕೊಂದು ಸಾಲು ದಾರ ಓಡದಿದ್ದರೆ ಅದು ಕೌದಿಯೇ ಅಲ್ಲ. ಅವಳ ಕೈಗೆ ಬೇರೆ ಹೊಲಿಗೆ ಗೊತ್ತೂ ಇರಲಿಲ್ಲ.

"ಎಲ್ಲಿ ಜಾರಿ ಬೀಳತೈತೋ ಅಂತ ಅಂಜಿ," ಅಂದಳು, "ಅಲ್ಲಿ ಇನ್ನಷ್ಟು ಒತ್ತಾಗಿ ಹೊಲದೇನ್ರಿ."